ಆರು ತಿಂಗಳ ಅರಸು

ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ, ಒಂದು ಶನಿವಾರ ಊರಿನ ಉದ್ಯಾನದಲ್ಲಿ ಶಿರಸ್ತ್ರಾಣ ತೊಟ್ಟ ಇಬ್ಬರು ಬೆತ್ತದ ಕತ್ತಿಗಳನ್ನು ಹಿಡಿದು ಕಾದಾಡುತ್ತಿದ್ದರು. ನಾಟಕದ ತಾಲೀಮಿರಬಹುದೆಂದು ಊಹಿಸಿದೆ. "ನಾಟಕವಲ್ಲ ಅಪ್ಪ, ಇವರಿಗೆ ರಾಜನೂ ಇದ್ದಾನೆ, ರಾಜ್ಯವೂ ಇದೆ" ಎಂದು ಮಗಳು ನಕ್ಕಳು.

ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ ಎಂಬ ಈ ಸಂಸ್ಥೆ 1966ರ ಮೇ 1ರಂದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಲಿನಲ್ಲಿ ನಡೆದ ಕೂಟದಿಂದ ಹುಟ್ಟಿತು. ಹದಿನೇಳನೆಯ ಶತಮಾನಕ್ಕೆ ಹಿಂದಿನ ಯುದ್ಧಕಲೆ, ಅಡುಗೆ, ನೇಯ್ಗೆ, ಸಂಗೀತಗಳನ್ನು ಮಾಡಿಯೇ ಕಲಿಯಬೇಕೆಂಬುದು ಇವರ ಹಟ. ಇಂದು ಇವರಿಗೆ ಇಪ್ಪತ್ತು ರಾಜ್ಯಗಳಿವೆ. ಯುರೋಪು ಡ್ರಾಕನ್‌ವಾಲ್ಡ್ ರಾಜ್ಯಕ್ಕೆ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ಲೋಚಾಕ್ ರಾಜ್ಯಕ್ಕೆ ಸೇರಿವೆ. ಕಾಳಗದ ಪಂದ್ಯದಲ್ಲಿ ಗೆದ್ದವರಿಗೆ ಪಟ್ಟ. ಅದೂ ಹೆಚ್ಚಿನ ಕಡೆ ಆರೇ ತಿಂಗಳು!

ರಾಜ್ಯದ ಕೆಳಗೆ ಬ್ಯಾರನಿಗಳು, ಶೈರ್‌ಗಳು. ನಮ್ಮ ತಾಲ್ಲೂಕು, ಹೋಬಳಿಗಳಂತೆ ಎನ್ನಬಹುದಾದರೂ ಹೋಲಿಕೆ ಪೂರ್ತಿ ಸಲ್ಲದು. ಶೈರ್ ಚಿಕ್ಕದಾದರೂ ನೇರವಾಗಿ ರಾಜ್ಯಕ್ಕೇ ವರದಿ ಒಪ್ಪಿಸುತ್ತದೆ. ಬ್ಯಾರನಿಯೊಳಗಿನ ಚಿಕ್ಕ ಶಾಖೆಗೆ ಕ್ಯಾಂಟನ್ ಎಂದು ಹೆಸರು. ವಿದ್ಯಾಸಂಸ್ಥೆಗಳಲ್ಲಿ, ಸೇನಾನೆಲೆಗಳಲ್ಲಿ ಕೂಡ ಶಾಖೆಗಳುಂಟು. ಬ್ಯಾರನ್ ಅರಸನ ಪ್ರತಿನಿಧಿಯಾಗಿ ಸಭೆಗೆ ಶೋಭೆ ತರುತ್ತಾನೆ. ಶಾಖೆಯ ಆಡಳಿತದ ಹೊಣೆ ಮಾತ್ರ ಸೆನೆಶಲ್ ಎಂಬ ಅಧಿಕಾರಿಯದು. ಹಿಂದೆ ದೊಡ್ಡ ಮನೆತನಗಳ ಪಾರುಪತ್ಯಗಾರನಿಗೆ ಈ ಹೆಸರಿತ್ತು. ಹಣಕಾಸಿಗೆ, ಕಾಳಗದ ಸುರಕ್ಷತೆಗೆ, ಲಾಂಛನಗಳಿಗೆ ಬೇರೆ ಬೇರೆ ಅಧಿಕಾರಿಗಳಿದ್ದಾರೆ. ಹೊಸಬರನ್ನು ಬರಮಾಡಿಕೊಂಡು, ಉಡುಪಿಲ್ಲದವರಿಗೆ ಎರವಲು ಕೊಡುವ ಒಬ್ಬರೂ ಇರುತ್ತಾರೆ. ನನಗೆ ತೀರ ಮೆಚ್ಚಿಗೆಯಾದ ಹುದ್ದೆ ಇದು.

ಆ ಊರಿನ ಶೈರಿನ ಸೆನೆಶಲ್ ನನ್ನ ವಯಸ್ಸಿನ ಒಬ್ಬ ಮಹಿಳೆ. ಮಡಿಸುವ ಮೇಜಿನ ಮುಂದೆ ಕುಳಿತು, ಕಾದಾಡಲು ಬಂದವರಿಂದ ಒಪ್ಪಿಗೆಪತ್ರಕ್ಕೆ ರುಜು ಪಡೆಯುತ್ತಿದ್ದರು. ಕಣ್ಣು ಮಂಜಾಗಿದೆ, ಹುದ್ದೆ ಬಿಡಬೇಕು, ವಹಿಸಿಕೊಳ್ಳುವವರಿಲ್ಲ ಎಂದರು. ಸೆನೆಶಲ್ ಇಲ್ಲದೆ ಶಾಖೆ ನಿಲ್ಲಲಾರದು. ಪಕ್ಕದಲ್ಲಿದ್ದ ತರುಣನನ್ನು ಕೇಳಿದಾಗ ಅವನು ಮುಗುಳ್ನಕ್ಕು, ಶಿರಸ್ತ್ರಾಣ ತೊಟ್ಟು ಕಣಕ್ಕಿಳಿದುಬಿಟ್ಟ.

ನನಗೆ ನಮ್ಮ ಶಾಲೆಯ ಸಾಹಿತ್ಯ ಸಂಘ ನೆನಪಾಯಿತು. ಹನ್ನೊಂದು ವರ್ಷ ಅದರ ಕಾರ್ಯದರ್ಶಿ ನಾನೇ. ಭಾಷಣಕಾರರನ್ನು ಕರೆದವನು, ಬೆಂಚು ಜೋಡಿಸಿದವನು, ಲೆಕ್ಕ ಬರೆದವನು ಎಲ್ಲ ನಾನೇ ಎಂಬ ಹೆಮ್ಮೆಯೂ ಇತ್ತು. ಒಬ್ಬರಿಗೂ ಕೆಲಸ ಕಲಿಸಲಿಲ್ಲ. ನನಗೆ ವರ್ಗವಾದ ವರ್ಷವೇ ಸಂಘ ನಿಂತಿತು. ನಲವತ್ತಮೂರು ರೂಪಾಯಿ ಉಳಿಕೆ ತೋರಿಸುವ ಆ ಲೆಕ್ಕದ ಪುಸ್ತಕ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಇದನ್ನು ಆಕೆಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಊರಿಗೆ ಹೊರಡುವ ಮುನ್ನ ಇನ್ನೊಂದು ಶನಿವಾರ ಅಲ್ಲಿಗೆ ಹೋದೆ. ಆ ತರುಣ ಮೇಜಿನ ಹಿಂದೆ ಕುಳಿತು ರುಜು ಪಡೆಯುತ್ತಿದ್ದ. ಆಕೆ ಪಕ್ಕದ ಕುರ್ಚಿಯಲ್ಲಿ ಕುಳಿತು, ಯಾವ ಕಾಗದ ಎಲ್ಲಿಡಬೇಕೆಂದು ತೋರಿಸುತ್ತಿದ್ದರು. ಅವನ ಶಿರಸ್ತ್ರಾಣ ಮೇಜಿನ ಕೆಳಗಿತ್ತು.