ಕಟ್ಟಿದವರ ಲೆಕ್ಕ ಎಲ್ಲಿ?

ಭಾರತ ಹುಣ್ಣಿಮೆ ಬಂತೆಂದರೆ ನಮ್ಮ ರಾಮದುರ್ಗದ ಕಡೆಯಿಂದ ಚಕ್ಕಡಿಗಳು ಸವದತ್ತಿಯ ಗುಡ್ಡಕ್ಕೆ ಹೊರಡುತ್ತವೆ. ಈಗ ಟ್ರ್ಯಾಕ್ಟರೂ ಹೋಗುತ್ತವೆ, ಬಸ್ಸೂ ಹೋಗುತ್ತವೆ. ಬುತ್ತಿ, ಭಂಡಾರ, ಎತ್ತಿನ ಕೊರಳ ಗಂಟೆ, ಉಧೋ ಉಧೋ ಅನ್ನುವ ಕೂಗು. ಊರೊಳಗಿನವರಿಗೆ ಅದು ಜಾತ್ರೆ. ನಮ್ಮ ಕೇರಿಗೂ ಜಾತ್ರೆಯೇ. ಆದರೆ ನಮ್ಮ ಕೇರಿ ತನ್ನ ಹೆಣ್ಣುಮಕ್ಕಳನ್ನು ಕಳಕೊಂಡದ್ದೂ ಇದೇ ದಾರಿಯಲ್ಲಿ.

ನಾವು ಮುತ್ತು ಕಟ್ಟಿಸಿಕೊಂಡ ತಾಯಂದಿರ ಕೇರಿಯವರು. ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು. ಕಲಿತ ಮೇಲೆ ಕವಿತೆ ಬರೆದೆವು. ಚೌಡಕಿ, ಜಡೆ, ಭಂಡಾರ ಎಲ್ಲವನ್ನೂ ಉಪಮೆ ಮಾಡಿಕೊಂಡೆವು. ಸಭೆಯಲ್ಲಿ ಓದಿ ಚಪ್ಪಾಳೆ ತಗೊಂಡೆವು. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಅಂಥದೊಂದು ಕವಿತೆಯನ್ನು ನಮ್ಮ ಚಿಗವ್ವಗೆ ಓದಿ ಹೇಳಿದೆವು. ಆಕೆ ಎಲೆ ಅಡಿಕೆ ಜಗಿಯುತ್ತ ಪೂರಾ ಕೇಳಿದಳು. ಆಮೇಲೆ ಅಂದಳು:

"ಚಲೋ ಬರದೀರಿ. ಕಟ್ಟಿಸ್ಕೊಂಡಾಕಿ ಬಗ್ಗೆ ಎಲ್ಲಾ ಐತಿ. ಕಟ್ಟಿದಾಂವ ಎಲ್ಲಿ ಅದಾನ ಇದರಾಗ?"

ನಮ್ಮಲ್ಲಿ ಉತ್ತರ ಇರಲಿಲ್ಲ. ಅವತ್ತಿನಿಂದ ನಾವು ಕವಿತೆ ಬದಿಗಿಟ್ಟು ಸರ್ಕಾರದ ಕಾಗದ ಓದತೊಡಗಿದೆವು.

ಮೊದಲು ಇದು ನಡೆಯುವ ರೀತಿ ಹೇಳಬೇಕು. ಮನೆಯಲ್ಲಿ ಗಂಡುಮಕ್ಕಳಿಲ್ಲ, ಇಲ್ಲವೆ ಬ್ಯಾನಿ ಬಿಡಲೊಲ್ಲದು, ಮಳೆ ಹೋಗಿದೆ, ಸಾಲ ಏರಿದೆ. ಎಣ್ಣೆ ಕಾಣದ ಹುಡುಗಿಯ ತಲೆಗೂದಲು ಗಂಟು ಬಿದ್ದರೆ ಸಾಕು, "ತಾಯಿ ಜಡೆಯಾಗಿ ಬಂದಾಳ" ಅನ್ನುವವರು ಬರುತ್ತಾರೆ. ದೇವಿ ಕರೆದಳು ಅಂತಾರೆ. ಅವಳು ಹೆಚ್ಚಾಗಿ ಮಾದರ, ಹೊಲೆಯರ ಕೇರಿಯನ್ನೇ ಯಾಕೆ ಕರೆಯುತ್ತಾಳೆ? ಗೌಡರ ವಾಡೆಯ ಬಾಗಿಲು ಅವಳಿಗೆ ಯಾಕೆ ಕಾಣುವುದಿಲ್ಲ? ಮುತ್ತು ಕಟ್ಟುವ ಖರ್ಚನ್ನು ಯಾವನೋ ಧಣಿ ಕೊಡುತ್ತಾನೆ. ಪೂಜಾರಿ ದಕ್ಷಿಣೆ ತಗೊಳ್ಳುತ್ತಾನೆ. ಹುಡುಗಿ ದೊಡ್ಡವಳಾದ ಮೇಲೆ ಖರ್ಚು ಕೊಟ್ಟವನದು ಮೊದಲ ಹಕ್ಕು. ಅವನು ಕೈಬಿಟ್ಟಾಗ ಕೆಲಸ ಕೊಡಿಸುತ್ತೇನೆ ಅನ್ನುವ ದಲ್ಲಾಳಿ ಬರುತ್ತಾನೆ. ಮಿರಜ, ಸಾಂಗಲಿ, ಪುಣೆಯ ಬುಧವಾರ ಪೇಟೆ, ಮುಂಬಯಿಯ ಕಾಮಾಟಿಪುರ: ನಕಾಶೆ ನೋಡದ ನಮ್ಮ ತಾಯಂದಿರಿಗೆ ಈ ಹೆಸರುಗಳೆಲ್ಲ ಬಾಯಿಪಾಠ. ಭಕ್ತಿ ಅಂತ ಶುರುವಾದದ್ದು ಮಾರಾಟವಾಗಿ ಮುಗಿಯುತ್ತದೆ. ನಡುವೆ ಎಷ್ಟು ಕೈಗಳು ದುಡ್ಡು ಎಣಿಸಿದವು ಅನ್ನುವುದನ್ನು ಯಾರೂ ಬರೆದಿಡುವುದಿಲ್ಲ.

ಕಾನೂನು ಇರಲಿಲ್ಲವೆ? ಇತ್ತು. 1934ರಲ್ಲೇ ಮುಂಬಯಿ ಸರ್ಕಾರ ದೇವದಾಸಿ ರಕ್ಷಣಾ ಕಾಯ್ದೆ ಮಾಡಿತ್ತು. ಸವದತ್ತಿ ಆಗ ಬ್ರಿಟಿಷರ ಬೆಳಗಾವಿ ಜಿಲ್ಲೆಯೊಳಗಿತ್ತು. ನಮ್ಮ ರಾಮದುರ್ಗ ರಾಜರ ಸಂಸ್ಥಾನ; ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1948ರಲ್ಲಿ. ಗಡಿ ಅಳಿಯಿತು, ರಾಜ ಹೋದ, ಕಾನೂನು ಬಂತು, ಚಕ್ಕಡಿ ಮಾತ್ರ ನಿಲ್ಲಲಿಲ್ಲ.

ಆಮೇಲೆ ಕರ್ನಾಟಕದ್ದೇ ಕಾಯ್ದೆ ಬಂತು. ಅದಕ್ಕೆ 1982ರ ಹೆಸರು, ಜಾರಿಗೆ ಬಂದದ್ದು 1984ರಲ್ಲಿ. ಅದರ 5ನೇ ಕಲಮನ್ನು ನಾವು ಮತ್ತೆ ಮತ್ತೆ ಓದಿದೆವು. ಸಮರ್ಪಣೆ ಮಾಡಿದವರಿಗೆ, ಅದಕ್ಕೆ ನೆರವಾದವರಿಗೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರದವರೆಗೆ ದಂಡ. ಅದೇ ತಪ್ಪನ್ನು ಹುಡುಗಿಯ ತಾಯಿ ತಂದೆಯೋ ಬಂಧುಗಳೋ ಮಾಡಿದ್ದರೆ ಎರಡು ವರ್ಷಕ್ಕೆ ಕಡಿಮೆಯಿಲ್ಲದೆ ಐದು ವರ್ಷದವರೆಗೆ ಜೈಲು, ಐದು ಸಾವಿರದವರೆಗೆ ದಂಡ. ಮುತ್ತು ಪೋಣಿಸಿದ ಪೂಜಾರಿಗೆ ಮೂರು, ಹೊಟ್ಟೆಗಿಲ್ಲದ ಅವ್ವನಿಗೆ ಐದು! ಆ ಹುಡುಗಿಯನ್ನು ಅನುಭವಿಸಿದ ಧಣಿ ಆ ಕಲಮಿನಲ್ಲಿ ಎಲ್ಲೂ ಇಲ್ಲ.

ತಾಯಿಯ ತಪ್ಪೇ ಇಲ್ಲ ಅಂತ ನಾವು ಹೇಳುವುದಿಲ್ಲ. ನಮ್ಮ ಅಜ್ಜಿಯರು ತಮ್ಮ ಮಕ್ಕಳನ್ನು ಕೈಹಿಡಿದು ಕರಕೊಂಡು ಹೋದದ್ದು ಖರೆ. ಅದು ನಮ್ಮ ಕೇರಿಯ ನೋವು, ನಾಚಿಕೆ ಕೂಡ. ಆದರೆ ಠಾಣೆಗೆ ಹೋಗಿ ಬಾಯಿ ಬಿಟ್ಟರೆ ಮೊದಲು ಒಳಗೆ ಹೋಗುವವಳು ಹಡೆದವ್ವ ಅಂದಮೇಲೆ ಯಾವ ಮಗಳು ದೂರು ಕೊಟ್ಟಾಳು? ಹೀಗೆ ಆ ಕಾನೂನೇ ಬಾಯಿ ಹೊಲಿಯಿತು. ಬಾಯಿ ಹೊಲಿದುಕೊಂಡಿದ್ದರಿಂದ ಉಳಿದವರೆಲ್ಲ ಉಳಿದುಕೊಂಡರು.

ಆಮೇಲೆ ಗಣತಿ. 1993-94ರಲ್ಲಿ ಸರ್ಕಾರ ಎಣಿಸಿದಾಗ 22,873 ಮಂದಿ ಸಿಕ್ಕರು. 2007-08ರಲ್ಲಿ ಮತ್ತೆ ಎಣಿಸಿದಾಗ ಇನ್ನೂ 23,787. ಒಟ್ಟು 46,660. ಪಟ್ಟಿಯಲ್ಲಿ ಹೆಸರು ಸಿಕ್ಕವರಿಗೆ ಮಾಸಾಶನ, ಬಿಟ್ಟುಹೋದವರಿಗೆ ಅಲೆದಾಟ. 2025ರಲ್ಲಿ ಮೂರನೆಯ ಸಲ ಗಣತಿಗೆ ಕೈಹಾಕಿದರು. ಚಿಗವ್ವ ಅಂದಳು: "ನಮ್ಮನ್ನ ಎಷ್ಟು ಸಲ ಎಣಿಸ್ತಾರ? ಕುರಿ ಅದೇವೇನ್ ನಾವು? ಒಮ್ಮೆ ಅವರನ್ನೂ ಎಣಿಸ್ಲಿ." 46,660 ಹೆಣ್ಣುಮಕ್ಕಳು ಇದ್ದಾರೆ ಅಂದರೆ ಅವರಿಗೆ ಕಟ್ಟಿದ ಕೈಗಳೂ ಇರಬೇಕಲ್ಲ? ಖರ್ಚು ಕೊಟ್ಟ ಧಣಿಗಳು, ಬಸ್ಸು ಹತ್ತಿಸಿದ ದಲ್ಲಾಳಿಗಳು, ಕಂಡೂ ಕಾಣದಂತೆ ಕೂತ ಅಧಿಕಾರಿಗಳು? ಆ ಪಟ್ಟಿಯನ್ನು ನಮ್ಮ ಕೇರಿಗೆ ಯಾರೂ ತಂದು ತೋರಿಸಿಲ್ಲ.

ಈ ಪ್ರಶ್ನೆಯನ್ನು ಮೊದಲು ಎತ್ತಿದವರು ಕಲಿತ ನಾವಲ್ಲ. ನಮ್ಮ ಜಿಲ್ಲೆಯ ಘಟಪ್ರಭಾದಲ್ಲಿ 1997ರಲ್ಲಿ ಮಾಸ್ ಅಂತ ಕರೆಯುವ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು. ಅದನ್ನು ನಡೆಸಿದವರು ಮುತ್ತು ಹರಿದುಕೊಂಡು ಬಂದ ತಾಯಂದಿರೇ. ಏಳನೆಯ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡ ಸೀತವ್ವ ಜೋಡಟ್ಟಿ ಆ ಸಂಸ್ಥೆಯ ಮುಂದಾಳಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೇವದಾಸಿ ಮಹಿಳೆಯರ ವಿಮೋಚನಾ ಸಂಘದ ತಾಯಂದಿರು ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ ಬೀದಿಯಲ್ಲಿ ಕೂತರು. ಮಾಸಾಶನ, ಭೂಮಿ, ಮನೆ, ಮಕ್ಕಳ ಹಕ್ಕು ಕೇಳಿದರು. ಯಾರೂ ಕರುಣೆಯಿಂದ ಕೊಡಲಿಲ್ಲ, ಕೂತು ಕೇಳಿದ್ದಕ್ಕೆ ಸಿಕ್ಕಿತು.

ಅವರ ಒತ್ತಾಯದಿಂದ ಹೊಸ ಕಾನೂನಿನ ಕರಡು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2018ರಲ್ಲೇ ತಯಾರಾಗಿತ್ತು. ವಿಧಾನಮಂಡಲ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2025ರ ಆಗಸ್ಟ್‌ನಲ್ಲಿ. ಏಳು ವರ್ಷ! ಅಷ್ಟರಲ್ಲಿ ಕೂಸು ಶಾಲೆಗೆ ಹೋಗುವಷ್ಟು ದೊಡ್ಡದಾಗುತ್ತದೆ. ಹೊಸ ಕಾನೂನಿನ ಪ್ರಕಾರ ಈ ತಾಯಂದಿರ ಮಕ್ಕಳು ಹುಟ್ಟಿಸಿದವನನ್ನು ತಂದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬಹುದು, ಆಸ್ತಿಯ ಹಕ್ಕು ಕೇಳಬಹುದು, ಬೇಕಾದರೆ ಡಿಎನ್‌ಎ ಪರೀಕ್ಷೆಗೂ ಕರೆಯಬಹುದು. ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಕಡ್ಡಾಯವೂ ಹೋಯಿತು.

ಈ ಸುದ್ದಿ ಓದಿದ ದಿನ ನಮಗೆ ಶಾಲೆಗೆ ಹೆಸರು ಹಚ್ಚಿದ ದಿನ ನೆನಪಾಯಿತು. ಮಾಸ್ತರು "ಅಪ್ಪನ ಹೆಸರೇನಬೇ?" ಅಂತ ಕೇಳಿದ್ದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮಾಸ್ತರು ಪೆನ್ನು ಎತ್ತಿ ಕಿಟಕಿ ಕಡೆ ನೋಡಿದರು. ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಆ ಹೆಸರು ಊರಿಗೆಲ್ಲ ಗೊತ್ತಿತ್ತು, ನಕ್ಕವರಿಗೂ ಗೊತ್ತಿತ್ತು. ತಲೆ ತಗ್ಗಿಸಿ ನಿಂತವಳು ಮಾತ್ರ ಅವ್ವ.

ಇನ್ನೊಂದು ಲೆಕ್ಕವನ್ನೂ ಇಲ್ಲೇ ಇಡುತ್ತೇವೆ. 2024ರಲ್ಲಿ ಕೇಂದ್ರ ಸರ್ಕಾರ ಸವದತ್ತಿ ಯಲ್ಲಮ್ಮನಗುಡ್ಡದ ಪ್ರವಾಸೋದ್ಯಮಕ್ಕೆ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಯಾತ್ರಿಕರಿಗೆ ನೆರಳು, ನೀರು, ರಸ್ತೆ ಆಗಲಿ, ಬೇಡ ಅನ್ನುವುದಿಲ್ಲ. ಆ ಗುಡ್ಡಕ್ಕೆ ನಮ್ಮವರೂ ಬರಿಗಾಲಲ್ಲೇ ನಡೆಯುತ್ತಾರೆ. ಆದರೆ ಹೊಸದಾಗಿ ಕಟ್ಟುವ ಗೋಡೆಗಳ ನಡುವೆ ಒಂದು ಕಲ್ಲಿನ ಮೇಲಾದರೂ, ಈ ನೆಲದಲ್ಲಿ ನಮ್ಮ ಮಕ್ಕಳಿಗೆ ಅನ್ಯಾಯವಾಯಿತು, ಅದಕ್ಕೆ ನಾವು ಹೊಣೆ ಅಂತ ಬರೆಸುವ ಧೈರ್ಯ ಯಾರಿಗಾದರೂ ಇದೆಯೆ?

ನಮ್ಮ ಚಳವಳಿಗೂ ಒಂದು ಮಾತಿದೆ ಗೆಳೆಯರೇ. 1986ರಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ನಮ್ಮ ಸಂಗಾತಿಗಳು ಹೊಡೆತ ತಿಂದರು, ಅವರನ್ನೇ ಬೆತ್ತಲೆ ಮಾಡಲಾಯಿತು. ಆ ಋಣ ದೊಡ್ಡದು. ಆದರೂ ನಮ್ಮ ವೇದಿಕೆಗಳ ಮೇಲೆ ಈ ತಾಯಂದಿರನ್ನು ಎಷ್ಟು ಸಲ ಕೂರಿಸಿದ್ದೇವೆ? ಅವರ ಮಗಳನ್ನು ಮನೆ ತುಂಬಿಸಿಕೊಳ್ಳಿ ಅಂದಾಗ ನಮ್ಮ ಎಷ್ಟು ಹುಡುಗರು ಮುಂದೆ ಬಂದರು? ಹೊಣೆ ಕೇಳುವವರು ತಮ್ಮ ಹೊಣೆಯನ್ನೂ ಒಪ್ಪಬೇಕು.

ಹಳ್ಳಿಯಲ್ಲಿ ಪಾಠ ಹೇಳುವ ಮಾಸ್ತರರೇ, ಅಕ್ಕೋರೇ, ನಿಮಗೆ ಕೈಮುಗಿದು ಕೇಳುತ್ತೇವೆ. ಹುಣ್ಣಿಮೆ ಮುಗಿದ ಮೇಲೆ ಹಾಜರಿ ಪುಸ್ತಕ ತೆಗೆದು ನೋಡಿ. ಬರದ ಹುಡುಗಿಯ ಮನೆಗೆ ನಡೆದು ಹೋಗಿ. ಅವ್ವನನ್ನು ಬೈಯಬೇಡಿ. ಯಾರು ಹೇಳಿದರು, ಯಾರು ರೊಕ್ಕ ಕೊಟ್ಟರು, ಯಾರು ಕಟ್ಟಿದರು ಅಂತ ಕೇಳಿ. ಕೇಳಿದ್ದನ್ನು ಬರೆದಿಡಿ. ಠಾಣೆಗೆ ನೀವೂ ಜೊತೆಗೆ ಹೋಗಿ.

ನಾವೂ ಬರೆಯತೊಡಗಿದ್ದೇವೆ. ನೂರು ಪುಟದ ಒಂದು ನೋಟುಪುಸ್ತಕ. ಚಿಗವ್ವ ಪಕ್ಕದಲ್ಲಿ ಕೂತು ಹೇಳುತ್ತಾಳೆ, ನಾವು ಬರಕೊಳ್ಳುತ್ತೇವೆ. ಮೊದಲ ಹೆಸರು ಹೇಳುವಾಗ ಅವಳ ದನಿ ನಡುಗಿತು. ಎರಡನೆಯ ಹೆಸರಿಗೆ ನಡುಗಲಿಲ್ಲ.