ಆಯಿಲ್ ಕುಡಿಯುವ ಇಂಜಿನ್ನೂ, ನನ್ನ ಇಂಜಿನಿಯರಿಂಗ್ ಡಿಗ್ರಿಯೂ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದು. ಆಫೀಸು, ರಿಲೀಸು, ಡೆಡ್‌ಲೈನು... ಅದೇ ಹಳೇ ನೆಪಗಳು. ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಬೆಳಿಗ್ಗೆ ಆರಕ್ಕೆ ಎದ್ದು ಹೊರಗೆ ಬಂದ್ರೆ ಅಪ್ಪ ಎಂದಿನ ಹಾಗೆ ಟೆಂಪೋ ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಳಗೆ ಬಿಟ್ಟು, ಮತ್ತೆ ಎಳೆದು, ಕಣ್ಣಿನ ಹತ್ತಿರ ಹಿಡಿದು ನೋಡ್ತಾ ಇದ್ರು.

"ಎಲ್ಲಿತ್ತೋ ಅಲ್ಲೇ ಐತೆ ಕಣೋ" ಅಂದ್ರು ನನ್ನ ಕಡೆ ತಿರುಗಿ.

ಆ ಮಾತಿನಲ್ಲಿ ಸ್ವಲ್ಪ ತಮಾಷೆ ಇತ್ತು. ಸ್ವಲ್ಪ ಹಳೇ ಲೆಕ್ಕಾನೂ ಇತ್ತು. ಆ ಲೆಕ್ಕದ ಬಗ್ಗೆ ಬರೀಬೇಕು ಅಂತ ಎರಡು ವರ್ಷದಿಂದ ಅಂದ್ಕೊಂಡಿದ್ದೆ, ಇವತ್ತು ಬರೀತಿದ್ದೀನಿ.

ನಮ್ಮದು ಮಾಲೂರು ಹತ್ತಿರದ ಒಂದು ಹಳ್ಳಿ. ಅಪ್ಪನದು ಒಂದು ಡೀಸೆಲ್ ಟೆಂಪೋ, ನಾಲ್ಕು ಸಿಲಿಂಡರ್‌ದು. ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಾವು, ಆಮೇಲೆ ಕೋಲಾರ ಎಪಿಎಂಸಿಗೆ ಟೊಮ್ಯಾಟೊ, ಏನೂ ಇಲ್ಲದಾಗ ಮಾಲೂರಿನ ಇಟ್ಟಿಗೆ, ಹೆಂಚು. ನಾನು ಓದಿದ್ದು ಆ ಟೆಂಪೋ ದುಡ್ಡಿನಲ್ಲೇ. ಓದಿದ್ದು ಮೆಕ್ಯಾನಿಕಲ್, ಮಾಡೋ ಕೆಲಸ ಸಾಫ್ಟ್‌ವೇರ್. ನಿಮ್ಮಲ್ಲಿ ಅರ್ಧ ಜನ ಇದೇ ಗಿರಾಕಿಗಳು ಅಂತ ಗೊತ್ತು :)

2023ರ ಯುಗಾದಿ ಆದ ಮೇಲೆ ಟೆಂಪೋ ಇಂಜಿನ್ ಕೆಲಸಕ್ಕೆ ಬಂತು. ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿಸಿದ್ರು. ಅರವತ್ತು ಸಾವಿರದ ಮೇಲೆ ಖರ್ಚು. ಅರ್ಧ ನಾನೇ ಕೊಟ್ಟೆ. ಕೊಟ್ಟೋನು ಸುಮ್ನೆ ಇರ್ಬೇಕಲ್ವಾ? ಮೆಕ್ಯಾನಿಕಲ್ ಇಂಜಿನಿಯರ್ ಬೇರೆ. ಬೆಂಗಳೂರಿಂದ ದುಬಾರಿ ಸಿಂಥೆಟಿಕ್ ಆಯಿಲ್ ಕ್ಯಾನ್ ತಂದು ಅಪ್ಪನ ಕೈಗೆ ಕೊಟ್ಟು ಒಂದು ದೊಡ್ಡ ಭಾಷಣ ಮಾಡಿದೆ. "ಹೊಸ ಇಂಜಿನ್ ಅಂದ್ರೆ ಹಸುಗೂಸು ಇದ್ದ ಹಾಗೆ. ಮೂರು ನಾಲ್ಕು ಸಾವಿರ ಕಿಲೋಮೀಟರ್ ನಲವತ್ತರ ಮೇಲೆ ಹೋಗೋದು ಬೇಡ. ಲೋಡ್ ಹಾಕೋದೇ ಬೇಡ, ಹಾಕಿದ್ರೂ ಅರ್ಧ. ಬೆಳಿಗ್ಗೆ ಕಾಲು ಗಂಟೆ ಸ್ಟಾರ್ಟ್ ಮಾಡಿ ಬಿಟ್ಟಿರಿ, ಚೆನ್ನಾಗಿ ಬಿಸಿ ಆಗ್ಲಿ."

ಅಪ್ಪ ತಲೆ ಆಡಿಸಿದ್ರು. ಹೇಳಿದ್ದನ್ನ ಹೇಳಿದ ಹಾಗೇ ಮಾಡಿದ್ರು. ಆ ವರ್ಷದ ಮಾವಿನ ಸೀಸನ್ ಪೂರ್ತಿ ಅರ್ಧ ಲೋಡಿನಲ್ಲಿ, ಎತ್ತಿನ ಗಾಡಿ ಹಾಗೆ ಓಡಿಸಿದ್ರು.

ಜುಲೈ ಹೊತ್ತಿಗೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ. ವಾರಕ್ಕೊಮ್ಮೆ ಆಯಿಲ್ ಹಾಕ್ಬೇಕು. 2023ರ ಜುಲೈ ಅಂದ್ರೆ ನಿಮಗೆ ನೆನಪಿರ್ಬೇಕು, ಟೊಮ್ಯಾಟೊಗೆ ಚಿನ್ನದ ಬೆಲೆ ಬಂದಿದ್ದ ತಿಂಗಳು. ಕೋಲಾರ ಮಾರ್ಕೆಟ್ಟಿನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಒಂದು ಟೆಂಪೋಗೆ 200 ಬಾಕ್ಸ್ ಅಂದ್ರೂ ನಾಲ್ಕು ಲಕ್ಷದ ಮಾಲು. ನೀಲಿ ಹೊಗೆ ಬಿಡೋ ಟೆಂಪೋಗೆ ನಾಲ್ಕು ಲಕ್ಷದ ಮಾಲು ಯಾರು ಹಾಕ್ತಾರೆ? "ದಾರೀಲಿ ನಿಂತ್ರೆ ಏನ್ ಮಾಡೋದು ಯಜಮಾನ್ರೇ, ಈ ಸಲ ಬೇಡ ಬಿಡಿ" ಅಂದ್ರಂತೆ ಮಂಡಿಯವರು. ಅಕ್ಕಪಕ್ಕದ ಟೆಂಪೋಗಳು ದಿನಕ್ಕೆ ಎರಡು ಟ್ರಿಪ್ ಹೊಡೀತಿದ್ರೆ ನಮ್ಮದು ಬೇವಿನ ಮರದ ಕೆಳಗೆ ನಿಂತಿತ್ತು.

ನಾನು ಮೆಕ್ಯಾನಿಕ್ ಮೇಲೆ ರೇಗಿದೆ. ಫೋನಿನಲ್ಲಿ ಏನೇನೋ ಅಂದೆ. "ಕೆಲಸ ಸರಿಯಾಗೇ ಮಾಡಿದ್ದೀನಿ ಸಾರ್" ಅಂತ ಅಷ್ಟೇ ಹೇಳಿ ಆತ ಫೋನ್ ಇಟ್ಟ.

ಆಗಸ್ಟ್‌ನಲ್ಲಿ ಒಂದು ಶನಿವಾರ ದೊಡ್ಡಪ್ಪನ ಮಗನನ್ನ ನೋಡೋಕೆ ಹೋಗಿದ್ದೆ. ಅಣ್ಣ ಸಣ್ಣ ವಿಮಾನಗಳ ಮೇಂಟೆನೆನ್ಸ್ ಕೆಲಸದಲ್ಲಿದ್ದಾನೆ. ಮನೆ ಜಕ್ಕೂರು ಕಡೆ. ಜಕ್ಕೂರು ಏರೋಡ್ರೋಮ್ ಗೊತ್ತಲ್ಲ? ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ 1940ರ ದಶಕದ ಕೊನೆಯಲ್ಲಿ ಶುರುವಾಗಿದ್ದು. ಬೆಂಗಳೂರಿನ ಎಚ್‌ಎಎಲ್ 1951ರಲ್ಲಿ ಎಚ್‌ಟಿ-2 ಅನ್ನೋ ತರಬೇತಿ ವಿಮಾನ ಹಾರಿಸಿತು. 1958ರಲ್ಲಿ ಫ್ಲೈಯಿಂಗ್ ಕ್ಲಬ್ಬುಗಳಿಗೆ ಅಂತ 'ಪುಷ್ಪಕ್' ಬಂತು, 90 ಅಶ್ವಶಕ್ತಿಯ ಕಾಂಟಿನೆಂಟಲ್ ಇಂಜಿನ್ ಇಟ್ಕೊಂಡು. ಈಗ ಕಲಿಯೋರಿಗೆ ಹೆಚ್ಚಾಗಿ ಸೆಸ್ನಾ. ಮೂತಿಯಲ್ಲಿ ನಾಲ್ಕು ಸಿಲಿಂಡರಿನ, ಗಾಳಿಯಿಂದ ತಣ್ಣಗಾಗೋ ಪಿಸ್ಟನ್ ಇಂಜಿನ್. ಟೆಂಪೋ ಇಂಜಿನ್ನಿಗೆ ದೂರದ ದಾಯಾದಿ.

ಊಟ ಆದ ಮೇಲೆ ಟೆಂಪೋ ಕಥೆ ಹೇಳ್ಕೊಂಡೆ, ಮೆಕ್ಯಾನಿಕ್‌ನ ಬೈಕೊಂಡೇ. ಅಣ್ಣ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ.

"ಬೋರ್ ಆದ ಮೇಲೆ ಲೋಡ್ ಹಾಕಿ ಓಡಿಸಿದ್ರಾ, ಇಲ್ಲ ಮುದ್ದು ಮಾಡಿದ್ರಾ?"

ನಾನು ಹೆಮ್ಮೆಯಿಂದ ನನ್ನ ಭಾಷಣದ ಸಾರಾಂಶ ಹೇಳಿದೆ. ಅಣ್ಣ ಹಣೆ ಚಚ್ಕೊಂಡ.

ಅವನು ಹೇಳಿದ್ದು ಇಷ್ಟು. ಹೊಸ ಸಿಲಿಂಡರ್ ಒಳಗೋಡೆ ನುಣ್ಣಗೆ ಇರಲ್ಲ, ಇರಬಾರದು. ಹೋನಿಂಗ್ ಮಾಡಿ ಬೇಕಂತಲೇ ಅಡ್ಡಡ್ಡ ಸಣ್ಣ ಗೀರು ಹಾಕಿರ್ತಾರೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತೆ, ಉಬ್ಬಿನ ತುದಿ ರಿಂಗ್ ಜೊತೆ ಉಜ್ಜಿ ಸವೆಯುತ್ತೆ. ಹಾಗೆ ಸವೆದು ರಿಂಗೂ ಗೋಡೆಯೂ ಒಂದಕ್ಕೊಂದು ಹೊಂದಿಕೊಳ್ಳೋದೇ ಬ್ರೇಕ್-ಇನ್. ಆದ್ರೆ ರಿಂಗ್ ತಾನಾಗೇ ಗೋಡೆಯನ್ನ ಅಷ್ಟು ಬಲವಾಗಿ ಒತ್ತಲ್ಲ. ಒಳಗೆ ಇಂಧನ ಉರಿದಾಗ ಆ ಒತ್ತಡ ರಿಂಗ್ ಹಿಂದೆ ನುಗ್ಗಿ ಅದನ್ನ ಗೋಡೆಗೆ ಒತ್ತುತ್ತೆ. ಇಂಜಿನ್ ಮೇಲೆ ಭಾರ ಬಿದ್ದರೆ ತಾನೇ ಒತ್ತಡ? ಭಾರ ಇಲ್ಲದೆ ಸುಮ್ನೆ ಓಡಿಸಿದ್ರೆ ರಿಂಗ್ ಆಯಿಲ್ ಪದರದ ಮೇಲೆ ತೇಲ್ತಾ ಇರುತ್ತೆ. ಗೋಡೆ ಮೇಲೆ ಉಳಿದ ಆಯಿಲ್ ಬಿಸಿಗೆ ಬೆಂದು, ವಾರ್ನಿಷ್ ಹಾಗೆ ಗೀರುಗಳನ್ನೆಲ್ಲ ತುಂಬಿ ಗಟ್ಟಿಯಾಗುತ್ತೆ. ಇದಕ್ಕೆ ಗ್ಲೇಜಿಂಗ್ ಅಂತಾರೆ. ಆಮೇಲೆ ಎಷ್ಟು ಓಡಿಸಿದ್ರೂ ರಿಂಗ್ ಕೂರಲ್ಲ. ಬಿಚ್ಚಿ, ಮತ್ತೆ ಹೋನಿಂಗ್ ಮಾಡಿ, ಹೊಸ ರಿಂಗ್ ಹಾಕೋದೊಂದೇ ದಾರಿ.

"ವಿಮಾನದಲ್ಲಿ ಹೊಸ ಸಿಲಿಂಡರ್ ಹಾಕಿದ್ರೆ ನೆಲದ ಮೇಲೆ ಜಾಸ್ತಿ ಹೊತ್ತು ಓಡಿಸೋದೇ ಇಲ್ಲ ಕಣೋ" ಅಂದ ಅಣ್ಣ. ನೆಲದಲ್ಲಿ ಭಾರವೂ ಇಲ್ಲ, ತಂಪು ಮಾಡೋ ಗಾಳಿಯೂ ಇಲ್ಲ. ಚುಟುಕಾಗಿ ಪರೀಕ್ಷೆ ಮಾಡಿ ಮೇಲೆ ಕರ್ಕೊಂಡು ಹೋಗ್ತಾರೆ. ಶುರುವಿನ ಗಂಟೆಗಳಲ್ಲಿ ಶೇಕಡ 65ರಿಂದ 75ರ ಶಕ್ತಿಯಲ್ಲೇ ಹಾರಿಸ್ತಾರೆ. ತುಂಬಾ ಎತ್ತರಕ್ಕೂ ಹೋಗಲ್ಲ, ಮೇಲೆ ಗಾಳಿ ತೆಳು, ಅಷ್ಟು ಶಕ್ತಿ ಹುಟ್ಟಲ್ಲ. ಪದೇ ಪದೇ ಇಳಿದು ಏರೋ ಪಾಠಕ್ಕೆ ಆ ವಿಮಾನ ಕೊಡಲ್ಲ. ಬಹುಪಾಲು ಇಂಜಿನ್‌ಗಳಿಗೆ ಮೊದಲ 50 ಗಂಟೆ, ಅಥವಾ ಆಯಿಲ್ ಖರ್ಚು ಒಂದು ಮಟ್ಟಕ್ಕೆ ನಿಲ್ಲೋ ತನಕ, ಏನೂ ಬೆರೆಸದ ಸಾದಾ ಮಿನರಲ್ ಆಯಿಲ್. ಖರ್ಚು ಮೊದಲು ಜಾಸ್ತಿ ಇರುತ್ತೆ, ಆಮೇಲೆ ಇಳಿಯುತ್ತೆ, ಆಮೇಲೆ ನಿಲ್ಲುತ್ತೆ. ಸಿಲಿಂಡರ್ ತಲೆಯ ಬಿಸಿಯೂ ಇಳಿಯುತ್ತೆ. ಆಗ ರಿಂಗ್ ಕೂತಿದೆ ಅಂತ ಅರ್ಥ.

"ಆಮೇಲೆ ಆಯಿಲ್ ಕುಡಿಯೋದೇ ಇಲ್ವಾ?" ಅಂದೆ.

"ಕುಡಿಯುತ್ತೆ. ಕುಡಿಯದೇ ಇದ್ರೆ ರಿಂಗ್ ಒಣಗಲ್ವೇನೋ?"

ಗಾಳಿಯಿಂದ ತಣ್ಣಗಾಗೋ ಇಂಜಿನ್ ಬಿಸಿಗೆ ಜಾಸ್ತಿ ಹಿಗ್ಗುತ್ತೆ, ಅದಕ್ಕೇ ಸಂದುಗಳನ್ನ ಕಾರಿಗಿಂತ ಸಡಿಲವಾಗಿ ಬಿಟ್ಟಿರ್ತಾರೆ. ಹಾಗಾಗಿ ಸ್ವಲ್ಪ ಆಯಿಲ್ ಖರ್ಚಾಗೋದು ಅದರ ಧರ್ಮ. ಎಷ್ಟರ ತನಕ ಸೈ ಅನ್ನೋದಕ್ಕೆ ಲೈಕಮಿಂಗ್ ಇಂಜಿನ್‌ಗಳಿಗೆ ಒಂದು ಸೂತ್ರ ಇದೆ. 0.006ನ್ನ ಅಶ್ವಶಕ್ತಿಯಿಂದ ಗುಣಿಸಿ, 4ರಿಂದ ಗುಣಿಸಿ, 7.4ರಿಂದ ಭಾಗಿಸಿ. 160 ಅಶ್ವಶಕ್ತಿ ಇಂಜಿನ್ನಿಗೆ ಗಂಟೆಗೆ ಅರ್ಧ ಕ್ವಾರ್ಟ್‌ಗಿಂತ ಚೂರು ಜಾಸ್ತಿ, ಅಂದ್ರೆ ಸುಮಾರು ಅರ್ಧ ಲೀಟರ್. ಅದು ಕಟ್ಟಕಡೆಯ ಮಿತಿ. ಆರೋಗ್ಯವಾಗಿರೋ ಇಂಜಿನ್ ಎಂಟು ಹತ್ತು ಗಂಟೆಗೆ ಒಂದು ಕ್ವಾರ್ಟ್ ತಗೊಂಡ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಇನ್ನೊಂದು ತಮಾಷೆ ಅಂದ್ರೆ, 8 ಕ್ವಾರ್ಟ್ ಹಿಡಿಯೋ ಎಷ್ಟೋ ಇಂಜಿನ್‌ಗಳಿಗೆ ಪೂರ್ತಿ ತುಂಬಿದ್ರೆ ಮೇಲಿನ ಒಂದು ಕ್ವಾರ್ಟನ್ನ ಬ್ರೀದರ್ ಪೈಪಿನಿಂದ ಉಗುಳಿ ವಿಮಾನದ ಹೊಟ್ಟೆಗೆಲ್ಲ ಬಳ್ಕೊಂಡು, ಆರೋ ಏಳೋ ಕ್ವಾರ್ಟ್ ಹತ್ರ ಬಂದು ಸುಮ್ನಾಗುತ್ತಂತೆ. ಅದನ್ನೂ 'ಕುಡೀತಿದೆ' ಅಂತ ಲೆಕ್ಕ ಹಾಕಿ ಗಾಬರಿ ಆಗೋರು ಇದ್ದಾರೆ.

"ಒಂದು ದಿನದ ಲೆಕ್ಕ ನೋಡಿ ಹೆದರಬಾರದು, ನಂಬಲೂಬಾರದು. ಯಾವ ಗಂಟೆಗೆ ಎಷ್ಟು ಹಾಕಿದ್ವಿ ಅಂತ ಬರೆದಿಟ್ಟು, ಅದು ಎತ್ತ ಹೋಗ್ತಿದೆ ಅಂತ ನೋಡಬೇಕು" ಅಂದ ಅಣ್ಣ. "ಆಕಾಶದಲ್ಲಿ ಗಾಡಿ ಸೈಡಿಗೆ ಹಾಕೋಕಾಗಲ್ವಲ್ಲ."

ಬರೆದಿಟ್ಟಿದ್ದು ಅಂದ ತಕ್ಷಣ ಅಪ್ಪನ ಜೇಬಿನ ಡೈರಿ ನೆನಪಾಯ್ತು. ಡೀಸೆಲ್, ಆಯಿಲ್, ಕಿಲೋಮೀಟರ್ ಎಲ್ಲ ಬರೀತಾರೆ. ಅಮ್ಮನಿಗೆ ಹೇಳಿ ಅದರ ಫೋಟೋ ತರಿಸ್ಕೊಂಡು ಎಕ್ಸೆಲ್‌ಗೆ ಹಾಕಿದೆ. ಮೊದಲ ಸಾವಿರ ಕಿಲೋಮೀಟರಿಗೆ 1.1 ಲೀಟರ್. ಎರಡನೇ ಸಾವಿರಕ್ಕೆ 1.2. ಮೂರನೇದಕ್ಕೆ 1.4. ನಾಲ್ಕನೇದಕ್ಕೆ 1.5. ಇಳೀಬೇಕಾಗಿದ್ದ ಗೆರೆ ಏರ್ತಾ ಇತ್ತು. ಆಫೀಸಿನಲ್ಲಿ ಸರ್ವರ್ ಗ್ರಾಫ್ ಒಂದು ಚೂರು ಏರಿದ್ರೆ ರಾತ್ರಿ ಎರಡು ಗಂಟೆಗೆ ಎದ್ದು ಕೂರ್ತೀನಿ. ಮನೆಯ ಗ್ರಾಫ್ ನಾಲ್ಕು ತಿಂಗಳಿಂದ ಅಪ್ಪನ ಜೇಬಿನಲ್ಲೇ ಇತ್ತು, ನೋಡಿರ್ಲಿಲ್ಲ.

ಮುಂದಿನ ಭಾನುವಾರ ಊರಿಗೆ ಹೋದೆ. ಜಗಲಿ ಮೇಲೆ ಕೂತು, "ಅಪ್ಪಾ, ತಪ್ಪು ಮೆಕ್ಯಾನಿಕ್‌ದಲ್ಲ. ನಂದು" ಅಂತ ಎಲ್ಲಾ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ "ಆವತ್ತೇ ಹೇಳಿದ್ದ ಕಣೋ ಆತ. ನಾಲ್ಕು ದಿನ ನೋಡ್ಕೊಂಡು ಆಮೇಲೆ ಲೋಡ್ ಹಾಕಿ ದುಡಿಸಿ ಅಂತ. ನೀನು ಬೇಡ ಅಂದೆ. ಓದಿರೋನು ಹೇಳ್ತವ್ನೆ ಅಂತ ಸುಮ್ನಾದೆ" ಅಂದ್ರು.

ಬೈದಿದ್ರೆ ಚೆನ್ನಾಗಿರ್ತಿತ್ತು. ಬೈಲಿಲ್ಲ. ಮೂವತ್ತು ವರ್ಷ ಇಂಜಿನ್ ಶಬ್ದ ಕೇಳಿದ ಮನುಷ್ಯ ತನಗೆ ಗೊತ್ತಿದ್ದನ್ನ ಪಕ್ಕಕ್ಕಿಟ್ಟು ನನ್ನ ಮಾತು ಕೇಳಿದ್ದು, ತಾನೇ ದುಡಿದು ಓದಿಸಿದ ಡಿಗ್ರಿ ಮೇಲಿನ ಮರ್ಯಾದೆಗೆ. ಆ ಮರ್ಯಾದೆಗೆ ನಾನು ಮಾಡಿದ್ದು ಒಂದು ಅರೆಬೆಂದ ಭಾಷಣ.

ಸೆಪ್ಟೆಂಬರ್‌ನಲ್ಲಿ ಅದೇ ಮೆಕ್ಯಾನಿಕ್ ಹತ್ರ ಹೋಗಿ ಮೊದಲು ಸಾರಿ ಕೇಳಿದೆ. ಹೆಡ್ ಬಿಚ್ಚಿದಾಗ ಆತ ಟಾರ್ಚ್ ಬಿಟ್ಟು ತೋರಿಸಿದ. ಬೋರ್ ಒಳಗೆ ಕನ್ನಡಿ ಹಾಗೆ ಫಳಫಳ. ಬೆರಳಿಟ್ರೆ ಜಾರುತ್ತೆ. ಗೀರು ಅನ್ನೋದೇ ಇಲ್ಲ. ಗೊತ್ತಿಲ್ಲದೋನು ನೋಡಿದ್ರೆ ಎಷ್ಟು ಚೆನ್ನಾಗಿದೆ ಅನ್ಬೇಕು. ಮತ್ತೆ ಹೋನಿಂಗ್, ಹೊಸ ರಿಂಗ್, ಈ ಸಲ ಆತ ಹೇಳಿದ ಸಾದಾ ಆಯಿಲ್. (ಹೊಸ ಕಾರುಗಳು ಫ್ಯಾಕ್ಟರಿಯಿಂದಲೇ ಸಿಂಥೆಟಿಕ್ ಹಾಕ್ಕೊಂಡು ಬರ್ತವಲ್ಲ ಅಂತ ನೀವು ಕೇಳಬಹುದು. ನಿಜ. ಅವುಗಳ ಬೋರನ್ನ ಅಲ್ಲಿನ ಮಿಷಿನ್ನೇ ಮುಕ್ಕಾಲು ಹದ ಮಾಡಿರುತ್ತೆ. ನಮ್ಮ ಟೆಂಪೋ ಕೆಟ್ಟಿದ್ದು ಆಯಿಲ್‌ಗಿಂತ ಹೆಚ್ಚಾಗಿ ಭಾರ ಇಲ್ಲದ ಓಟಕ್ಕೆ, ಕಾಲು ಗಂಟೆ ಐಡ್ಲಿಂಗ್‌ಗೆ. ಡೀಸೆಲ್ ಜನರೇಟರ್‌ಗಳನ್ನ ಲೋಡ್ ಇಲ್ಲದೆ ಗಂಟೆಗಟ್ಟಲೆ ಓಡಿಸಿದ್ರೂ ಇದೇ ಕಾಯಿಲೆ.)

ನಾಲ್ಕು ದಿನ ಹತ್ತಿರದಲ್ಲೇ ಓಡಿಸಿ, ಸೋರೋದು ಗೀರೋದು ನೋಡ್ಕೊಂಡು, ಐದನೇ ದಿನ ಮಾಲೂರಿನಲ್ಲಿ ಇಟ್ಟಿಗೆ ಲೋಡ್ ಹಾಕಿದ್ವಿ. ಓವರ್‌ಲೋಡ್ ಅಲ್ಲ, ಪಾಸಿಂಗ್ ಇರೋ ಅಷ್ಟು. ರಜಾ ಹಾಕಿ ನಾನೂ ಪಕ್ಕದಲ್ಲಿ ಕೂತೆ. ಮಾಲೂರು, ಕೋಲಾರ, ಅಲ್ಲಿಂದ ಹೈವೇ ಹಿಡಿದು ಮುಳಬಾಗಿಲು. ಒಂದೇ ಸ್ಪೀಡಿಗೆ ಅಂಟ್ಕೊಳ್ಳದೆ, ಏರಿನಲ್ಲಿ ಇಂಜಿನ್ ಗೊಣಗೋಕೆ ಮೊದಲೇ ಗೇರ್ ಇಳಿಸಿ, ಅಪ್ಪ ಆಡಿಸಿ ಆಡಿಸಿ ಓಡಿಸಿದ್ರು. ನಾನು ಬಾಯಿ ಬಿಡಲಿಲ್ಲ. ಮುಳಬಾಗಿಲಿನಲ್ಲಿ ಆಂಜನೇಯಸ್ವಾಮಿಗೆ ಕೈ ಮುಗಿದು, ದೋಸೆ ತಿಂದು, ಅರ್ಧ ಇಟ್ಟಿಗೆ ಇಳಿಸಿ, ಉಳಿದಿದ್ದನ್ನ ಶ್ರೀನಿವಾಸಪುರಕ್ಕೆ ಹಾಕಿ, ಕೋಲಾರದ ಮೇಲೆ ವಾಪಸ್ ಬಂದ್ವಿ.

ಆಮೇಲಿನ ಡೈರಿ ಹೀಗಿದೆ. ಮೊದಲ ಸಾವಿರಕ್ಕೆ 900 ಮಿಲಿ. ಎರಡನೇದಕ್ಕೆ 500. ಮೂರನೇದಕ್ಕೆ 250. ಅಲ್ಲಿಂದ ಇಲ್ಲಿವರೆಗೂ ಆಸುಪಾಸು ಅಷ್ಟೇ. 2023ರ ಜುಲೈ ಮಾತ್ರ ವಾಪಸ್ ಬರಲಿಲ್ಲ. ಅಂಥ ರೇಟು ಬಂದಾಗ ದುಡಿಯೋ ಅವಕಾಶ ಟೆಂಪೋದವರಿಗೆ ಎಷ್ಟು ಸಲ ಸಿಗುತ್ತೆ ಹೇಳಿ?

ಮೊನ್ನೆ ಭಾನುವಾರ ಡಿಪ್‌ಸ್ಟಿಕ್ ಹಿಡ್ಕೊಂಡು "ಎಲ್ಲಿತ್ತೋ ಅಲ್ಲೇ ಐತೆ" ಅಂದಿದ್ದು ಅದಕ್ಕೇ. ಆಮೇಲೆ ಅಪ್ಪ ಬಾನೆಟ್ ಮುಚ್ಚಿ, ಕೈ ಒರೆಸ್ಕೊಂಡು, "ಟೈರ್ ಎರಡು ಹಾಕಿಸ್ಬೇಕು, ಯಾವುದು ಒಳ್ಳೇದು ನೋಡಿ ಹೇಳು" ಅಂದ್ರು.

ಇಷ್ಟಾದ ಮೇಲೂ ನನ್ನ ಕೇಳ್ತಿದ್ದಾರೆ! "ಮೆಕ್ಯಾನಿಕ್ ಏನಂದ ಅಪ್ಪಾ?" ಅಂತ ಮೊದಲು ಕೇಳಿದೆ :)

ನಿಮ್ಮ ಮನೆಯಲ್ಲೂ ಇಂಥ ಡೈರಿ ಇಟ್ಟಿರೋ ಅಪ್ಪಂದಿರು ಇದ್ದಾರಾ? ಇದ್ರೆ ಒಂದ್ಸಲ ತೆಗೆದು ನೋಡಿ. ಮತ್ತೆ ಸಿಗೋಣ.