ತಾಟಿನ ಅಂಚಿನ ಪಲ್ಯ

ಕೊಲ್ಲಾಪುರದಲ್ಲಿ ನೆಲೆಸಿದ ನಮ್ಮಂಥ ಕನ್ನಡ ಮನೆತನಗಳ ಅಡಿಗೆಯು ಎರಡು ದಿಕ್ಕಿನಿಂದ ಬಂದುದಾಗಿದೆ. ಗಡಹಿಂಗ್ಲಜದ ಕಡೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಗಳು ಜೊತೆಗೆ ಬಂದವು. ಇಲ್ಲಿಯ ನೆರೆಹೊರೆಯವರಿಂದ ತಾಂಬಡಾ-ಪಾಂಢರಾ ರಸ್ಸಾಗಳ ರುಚಿ ಹತ್ತಿತು. ಎರಡೂ ನಮಗೆ ಪ್ರಿಯವೇ. ಆದರೆ ರಸ್ಸಾ ಬಡಿಸಿದ ದಿನ ಗಂಡಸರ ತಾಟಿನಲ್ಲಿ ಪಲ್ಯವು ಮೆಲ್ಲನೆ ಅಂಚಿಗೆ ಸರಿಯುತ್ತದೆ. ಉಳಿದ ಪಲ್ಯವನ್ನು ಕೊನೆಗೆ ಉಣ್ಣುವವರು ಹೆಂಗಸರು. ಇಚಲಕರಂಜಿಯಲ್ಲಿ ಮಗ್ಗದ ಪಾಳಿ ಮುಗಿಸಿ ಹೊರಬೀಳುವವರಿಗಂತೂ ಹಸಿದ ಹೊತ್ತಿಗೆ ಮಿಸಳ-ಪಾವವೇ ಸುಲಭ.

ಈ ಅಂಚಿನ ಪಲ್ಯದ ವಿಚಾರವನ್ನು ಎತ್ತಲು ಕಾರಣವಿದೆ. ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು, ಅಕ್ರೋಡದಷ್ಟು ಗಾತ್ರದ ಪ್ರಾಸ್ಟೇಟ್ ಗ್ರಂಥಿಯಿದೆ. ವಯಸ್ಸು 50 ದಾಟಿದ ಮೇಲೆ ಅದಕ್ಕೆ ಕ್ಯಾನ್ಸರ್ ತಗಲುವ ಸಂಭವವು ಹೆಚ್ಚುತ್ತ ಹೋಗುತ್ತದೆ. ಕಾಯಿಪಲ್ಯ ತಿಂದರೆ ಅದು ಬರುವುದಿಲ್ಲವೆಂದು ಹೇಳುವವರನ್ನು ಈಚೆಗೆ ಎಲ್ಲೆಲ್ಲಿಯೂ ಕಾಣುತ್ತೇವೆ. ಸಂಶೋಧಕರು ಕಂಡುದನ್ನು ಉಪ್ಪು-ಖಾರ ಹಚ್ಚದೆ ತಿಳಿಸುವುದು ಒಳಿತು.

1995ರಲ್ಲಿ ಅಮೇರಿಕೆಯ ಹಾರ್ವರ್ಡ್ ವಿದ್ಯಾಪೀಠದವರು 47 ಸಾವಿರಕ್ಕೂ ಹೆಚ್ಚು ಪುರುಷರ ಆಹಾರವನ್ನು ಕುರಿತ ಅಭ್ಯಾಸವನ್ನು ಪ್ರಕಟಿಸಿದರು. ವಾರದಲ್ಲಿ 10ಕ್ಕಿಂತ ಹೆಚ್ಚು ಸಲ ಟೊಮೇಟೊ ಪದಾರ್ಥಗಳನ್ನು ಉಂಡವರಲ್ಲಿ ಈ ರೋಗವು, ತೀರ ಕಡಿಮೆ ಉಂಡವರಿಗಿಂತ, ನೂರಕ್ಕೆ 35ರಷ್ಟು ಕಡಿಮೆಯಾಗಿ ಕಂಡಿತು. ಟೊಮೇಟೊಕ್ಕೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಇದಕ್ಕೆ ಕಾರಣವಿರಬಹುದೆಂಬ ಆಶೆ ಮೂಡಿತು. ಮುಂದಿನ ಅಭ್ಯಾಸಗಳು ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. 2014ರಲ್ಲಿ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯು ಈ ವಿಷಯದಲ್ಲಿ ನಿರ್ಣಯಕ್ಕೆ ಬರಲು ಸಾಕಷ್ಟು ಆಧಾರವಿಲ್ಲವೆಂದಿತು. ಆಗಲೇ ರೋಗದ ಆರಂಭದಲ್ಲಿದ್ದ 478 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷ ಹೆಚ್ಚು ಕಾಯಿಪಲ್ಯ ಉಣ್ಣಲು ಪ್ರೇರೇಪಿಸಿದರೂ ರೋಗದ ಬೆಳವಣಿಗೆ ತಗ್ಗಲಿಲ್ಲ. ಗುಳಿಗೆಗಳ ಕತೆಯೋ ಇನ್ನೂ ಕೆಟ್ಟದ್ದು! ಅಮೇರಿಕೆಯಲ್ಲಿ 2001ರಿಂದ 35 ಸಾವಿರ ಪುರುಷರ ಮೇಲೆ ನಡೆಸಿದ ಪ್ರಯೋಗದಲ್ಲಿ 'ಇ' ಜೀವಸತ್ವದ ಗುಳಿಗೆ ನುಂಗಿದವರಿಗೆ ಈ ರೋಗವು ನೂರಕ್ಕೆ 17ರಷ್ಟು ಹೆಚ್ಚೇ ಬಂದಿತೆಂದು 2011ರಲ್ಲಿ ಗೊತ್ತಾಯಿತು.

ಹಾಗಾದರೆ ಪಲ್ಯವು ಅಂಚಿನಲ್ಲಿಯೇ ಇರಲೇ? ನಮ್ಮ ಅಭಿಪ್ರಾಯ ಹಾಗಿಲ್ಲ. ಹೃದಯಕ್ಕೂ ರಕ್ತದೊತ್ತಡಕ್ಕೂ ಅದರಿಂದಾಗುವ ಹಿತ ನಿಶ್ಚಿತವಾದುದು. ಬೊಜ್ಜನ್ನು ಹಿಡಿತದಲ್ಲಿಡಲೂ ಅದು ನೆರವಾಗುತ್ತದೆ. ಬೊಜ್ಜಿಗೂ ಉಲ್ಬಣಿಸಿದ ಪ್ರಾಸ್ಟೇಟ್ ಕ್ಯಾನ್ಸರಿಗೂ ನಂಟಿದೆಯೆಂಬುದನ್ನು ಬಲ್ಲವರು ಒಪ್ಪಿದ್ದಾರೆ. ಇದಕ್ಕೆ ಪರದೇಶದ ಕಾಯಿಗಳೇನೂ ಬೇಕಿಲ್ಲ. ಮೆಂತ್ಯ, ರಾಜಗಿರಿ, ಪುಂಡಿ, ಎಲೆಕೋಸು, ಮೂಲಂಗಿಗಳು ನಮ್ಮ ಸಂತೆಗಳಲ್ಲಿಯೇ ದೊರೆಯುತ್ತವೆ. ಟೊಮೇಟೊ ಬೆಂದು, ತುಸು ಎಣ್ಣೆ ಕೂಡಿದಾಗ ಅದರ ಲೈಕೋಪೀನ್ ದೇಹಕ್ಕೆ ಹೆಚ್ಚು ಸೇರುತ್ತದೆ. ಶೇಂಗಾ ಎಣ್ಣೆಯ ಒಗ್ಗರಣೆ ಹಾಕಿ ಟೊಮೇಟೊ ಚಟ್ನಿ ಮಾಡುವ ನಮ್ಮ ಅಜ್ಜಿಯರು ಈ ಹೆಸರನ್ನು ಕೇಳಿರಲಿಲ್ಲವೆನ್ನಿ.

ನಮ್ಮನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಪಲ್ಯ ತಿನ್ನುತ್ತಿದ್ದೇವೆಂಬ ಧೈರ್ಯದಲ್ಲಿ ಹಿರಿಯರು ಪರೀಕ್ಷೆಯನ್ನು ಮುಂದೂಡುತ್ತಾರೆ. ಈ ರೋಗವು ಮೊದಲಲ್ಲಿ ಬಹುಶಃ ಯಾವ ಸುಳಿವನ್ನೂ ಕೊಡದು. ರಾತ್ರಿ ಮತ್ತೆ ಮತ್ತೆ ಏಳುವುದು, ಮೂತ್ರದ ಧಾರೆ ಸಣ್ಣದಾಗುವುದು ಹೆಚ್ಚಾಗಿ ಗ್ರಂಥಿಯ ಸಾಮಾನ್ಯ ಬಾವಿನಿಂದಲೇ ಆದರೂ, ಅದನ್ನು ನಿರ್ಧರಿಸಬೇಕಾದವರು ವೈದ್ಯರು. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ, ತೊಂದರೆಯಿಲ್ಲದಿದ್ದರೂ ಪಿ.ಎಸ್.ಎ. ರಕ್ತಪರೀಕ್ಷೆಯ ವಿಷಯವನ್ನು ಅವರಲ್ಲಿ ಕೇಳಬೇಕು.

ಗಡಹಿಂಗ್ಲಜದ ಹಳ್ಳಿಯಿಂದ ಕೊಲ್ಲಾಪುರದ ದವಾಖಾನೆಗೆ ಬರುವ ಅಜ್ಜನಿಗೆ ಮರಾಠಿ ಅಷ್ಟಾಗಿ ಬಾರದು. ಮಾತು ತಿಳಿಸಿ ಹೇಳಲು ಸೊಸೆಯು ಪಕ್ಕದಲ್ಲಿ ನಿಂತರೆ ಆತನು ಮೊಣಕಾಲು ನೋವೊಂದನ್ನೇ ಹೇಳಿ ಎದ್ದುಬಿಡುತ್ತಾನೆ. ಮಗನೋ ಮೊಮ್ಮಗನೋ ಜೊತೆಗೆ ಹೋಗಲಿ. ಹಿಂದಿನ ರಾತ್ರಿ ಮನೆಯಲ್ಲಿಯೇ ಕನ್ನಡದಲ್ಲಿ ಕೇಳಿ, ಎಷ್ಟು ಸಲ ಏಳುತ್ತಾನೆ, ಎಷ್ಟು ತಿಂಗಳಿಂದ, ಮೂತ್ರದಲ್ಲಿ ರಕ್ತ ಕಂಡಿದೆಯೇ, ಸೊಂಟದ ಎಲುಬು ನೋಯುತ್ತದೆಯೇ ಎಂಬಿಷ್ಟನ್ನು ಮರಾಠಿಯಲ್ಲಿ ಒಂದು ಚೀಟಿಯ ಮೇಲೆ ಬರೆದು ಅಜ್ಜನ ಅಂಗಿಯ ಕಿಸೆಯಲ್ಲಿಟ್ಟರಾಯಿತು.